ಒಂಬತ್ತನೆಯ ಗಂಟು

ನಾನು ಒಂದು ಸ್ಟೀಲಿನ ತಾಟು. ನನ್ನ ನಡುವೆ ಒಂದು ತೂತಿದೆ. ಅದರ ಕಥೆ ಆಮೇಲೆ ಬರುತ್ತದೆ.

ಹುಟ್ಟಿದ್ದು ಒಂದು ತಗಡಿನ ಶೆಡ್ಡಿನಲ್ಲಿ. ಅದಕ್ಕೂ ಮೊದಲು ನಾನು ದೊಡ್ಡದೊಂದು ಹಾಳೆಯ ಭಾಗವಾಗಿದ್ದೆ. ಅಂಚಿರಲಿಲ್ಲ, ಆಳವಿರಲಿಲ್ಲ. ಮೇಲಿನಿಂದ ಕಬ್ಬಿಣದ ಗುಂಡೊಂದು ಇಳಿದು ಬಂದು ಒತ್ತಿತು. ಆ ಒತ್ತು ಇವತ್ತಿಗೂ ನೆನಪಿದೆ. ಇನ್ನು ಕೂದಲೆಳೆಯಷ್ಟು ಹೆಚ್ಚು ಒತ್ತಿದ್ದರೆ ಹರಿದುಹೋಗುತ್ತಿದ್ದೆ. ಹಾಗೆ ಹರಿದವು ಶೆಡ್ಡಿನ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ನನ್ನನ್ನು ಹೊಳಪು ಮಾಡುವಾಗ ಅವುಗಳ ಚೂಪು ಅಂಚು ಕಾಣುತ್ತಿತ್ತು. ಹಾಗಾಗಿ ನಾನು ಬೆಳಕು ಕಂಡ ಮೊದಲ ದಿನವೇ ಅಂಜಿಕೆಯನ್ನೂ ಕಂಡೆ.

ಪಾತ್ರೆಯಂಗಡಿಯಲ್ಲಿ ಒಬ್ಬಳು ಹೆಂಗಸು ನನ್ನನ್ನು ಕೊಂಡಳು. ಮಗಳ ಮದುವೆ ಗೊತ್ತಾಗಿತ್ತು. ಅಂಗಡಿಯವನು ಹೆಸರು ಕೊರೆಯುವ ಯಂತ್ರ ಹಚ್ಚಿಕೊಂಡು, ಅಳಿಯನ ಮನೆತನದ ಹೆಸರು ಏನು ಬರೆಯಲಿ ಎಂದು ಕೇಳಿದ. ಎಲ್ಲರೂ ಹಾಗೇ ಬರೆಸುತ್ತಾರೆ. ಅವಳು, "ಮಗಳ ಹೆಸರು ಬರೀರಿ. ಅಕೀದಷ್ಟ" ಎಂದಳು. ಸೂಜಿ ನನ್ನ ಬೆನ್ನಿನ ಮೇಲೆ ಟಿಕ್ ಟಿಕ್ ಎಂದು ಚುಚ್ಚುತ್ತಾ ಹೋಯಿತು. ಚುಕ್ಕಿ ಚುಕ್ಕಿ ಸೇರಿ ಮೂರು ಅಕ್ಷರವಾದವು: ಕಸ್ತೂರಿ. ಆ ತಾಯಿಗೆ ಓದು ಬರುತ್ತಿರಲಿಲ್ಲ. ಅಂಗಡಿಯವನಿಂದ ಎರಡು ಸಲ ಓದಿಸಿ, ಬೆರಳಿನಿಂದ ಮುಟ್ಟಿ ನೋಡಿ, ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಕಸ್ತೂರಿ ಹೋಗಿ ಸೇರಿದ್ದು ನೇಕಾರರ ಊರಿನ ಬಣ್ಣದ ಓಣಿಗೆ. ಅವಳ ಭಾವ ಸಂಗನಬಸಪ್ಪ ಅಲ್ಲಿ ನೂಲಿಗೆ ಬಣ್ಣ ಹಾಕುವ ಮನೆ ನಡೆಸುತ್ತಿದ್ದ. ಗಂಡ ವಿರೂಪಾಕ್ಷ ಅಣ್ಣನ ಕೈಕೆಳಗೆ ದುಡಿಯುತ್ತಿದ್ದ. ಭಾವನ ಕೈ ಮೊಣಕೈವರೆಗೂ ನೀಲಿ. ಗಂಡನ ಕೈ ಕೆಂಪು, ಏಕೆಂದರೆ ಕೆಂಪು ಬಣ್ಣದ ಹಂಡೆ ಅವನ ಪಾಲಿಗೆ ಬಂದಿತ್ತು. ಎಷ್ಟು ತೊಳೆದರೂ ಆ ಬಣ್ಣ ಬಿಡುತ್ತಿರಲಿಲ್ಲ. ಆ ಮನೆಯ ಕೊಡ, ಹಂಡೆ, ಲೋಟ, ಸೌಟು, ಎಲ್ಲದರ ಮೇಲೂ ಸಂಗನಬಸಪ್ಪನ ಹೆಸರಿತ್ತು. ನನ್ನ ಬೆನ್ನಿನ ಮೇಲೆ ಮಾತ್ರ ಕಸ್ತೂರಿ.

ಅವಳು ಊಟ ಮಾಡುತ್ತಿದ್ದದ್ದು ಎಲ್ಲರೂ ಉಂಡ ಮೇಲೆ, ಒಲೆಯ ಪಕ್ಕ ಕುಳಿತು, ಬೇಗ ಬೇಗ. ನಾನು ಅವಳ ಮಡಿಲಲ್ಲಿರುತ್ತಿದ್ದೆ. ಕೆಳಗಿನಿಂದ ನೋಡಿದರೆ ಅವಳ ಗದ್ದ, ಮೂಗುತಿಯ ಹರಳು, ಮೇಲೆ ಹೊಗೆ ಹಿಡಿದ ತೊಲೆ ಕಾಣುತ್ತಿದ್ದವು. ಭಾವನ ಕೆಮ್ಮು ಪಡಸಾಲೆಯಲ್ಲಿ ಕೇಳಿದರೆ ರೊಟ್ಟಿ ಮುರಿಯುವ ಬೆರಳು ಅಲ್ಲೇ ನಿಲ್ಲುತ್ತಿತ್ತು. ಭಾವ ಯಾರಿಗೂ ಹೊಡೆದವನಲ್ಲ, ಬೈದವನೂ ಅಲ್ಲ. ಅವನ ಧ್ವನಿ ಏರಿದ್ದು ನಾನು ಕೇಳಿಲ್ಲ. ಅವನ ಹೆಂಡತಿ ಒಮ್ಮೆ ಬೀಗರ ಎದುರು ಏನೋ ಒಂದು ಮಾತು ಆಡಿದ್ದಳಂತೆ. ಮರುದಿನ ಅವಳನ್ನು ತವರಿಗೆ ಕಳಿಸಿದ. ಮೂರು ವರ್ಷ ಕರೆಸಲಿಲ್ಲ. ತಿರುಗಿ ಬಂದ ಮೇಲೆ ಆಕೆ 'ಹ್ಞೂಂ', 'ಊಹ್ಞೂಂ' ಬಿಟ್ಟು ಬೇರೆ ಮಾತಾಡಿದ್ದನ್ನು ಆ ಮನೆಯ ಪಾತ್ರೆಗಳು ಕೇಳಿಲ್ಲ.

ಕಸ್ತೂರಿಗೆ ಮಕ್ಕಳಾಗಲಿಲ್ಲ. ತಾಯಿ ತೀರಿಕೊಂಡಳು. ತವರಿನ ಮನೆಯನ್ನು ಅಣ್ಣ ಮಾರಿ ಎಲ್ಲಿಗೋ ಹೋದ. ಅಂದಿನಿಂದ ಅವಳ ಬೆರಳು ಉಣ್ಣುತ್ತಾ ಉಣ್ಣುತ್ತಾ ನನ್ನ ಬೆನ್ನಿಗೆ ಹೋಗಿ ಆ ಚುಕ್ಕಿಗಳನ್ನು ಸವರುತ್ತಿತ್ತು. ತನ್ನನ್ನು ಕಳಿಸಿದರೆ ಎಲ್ಲಿಗೆ ಕಳಿಸುತ್ತಾರೆ? ಈ ಪ್ರಶ್ನೆಯನ್ನು ಅವಳು ಬಾಯಿಬಿಟ್ಟು ಕೇಳಲಿಲ್ಲ. ಬೆರಳು ಮತ್ತೆ ಮತ್ತೆ ಅಲ್ಲಿಗೇ ಹೋಗುವಾಗ ನನಗೆ ಕೇಳುತ್ತಿತ್ತು.

ಊರ ಪಕ್ಕದಲ್ಲಿ ಅತ್ತಿಗಿಡದ ಕೆರೆ. ಒಂದು ಬೇಸಿಗೆಯಲ್ಲಿ ಅದರ ಮೀನೆಲ್ಲ ಸತ್ತು ಹೊಟ್ಟೆ ಮೇಲಾಗಿ ತೇಲಿದವು. ನಾತ ಬಣ್ಣದ ಓಣಿಯವರೆಗೂ ಬಂತು. ಆಮೇಲೆ ಊರಿನವರು ಕೂತು ಮಾತಾಡಿದರು. ಮೀನು ಹಿಡಿಯುವ ಅಂಬಿಗರು, ನೇಯುವ ಹೆಂಗಸರ ಸಂಘ, ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುವ ಅಕ್ಕೋರು ಶಮೀಮಾ, ಪುರಸಭೆಯವರು, ಬಣ್ಣದವರು. ಅದಕ್ಕೆ ಕೆರೆ ಕೂಟ ಎಂದು ಹೆಸರಾಯಿತು. ಪುರಸಭೆಯವರು ಬಣ್ಣದ ಓಣಿಯಿಂದ ಕೆರೆಗೆ ಬೀಳುವ ಗಟಾರದ ಬಾಯಿಗೆ ಜಾಲರಿ ಹಾಕಿದರು. ಅಂಬಿಗರು ತಮ್ಮ ಹರಗೋಲು ಬಿಟ್ಟುಕೊಟ್ಟರು. ಬಣ್ಣದವರು ತಂತಮ್ಮ ಹಿತ್ತಲಲ್ಲಿ ಹೊಂಡ ತೋಡಿ, ಬಣ್ಣದ ನೀರನ್ನು ಅದರಲ್ಲಿ ನಾಲ್ಕು ದಿನ ತಿಳಿಗಟ್ಟಿಸಿಯೇ ಬಿಡುವುದೆಂದು ಮಾತು ಕೊಟ್ಟರು. ಬಣ್ಣದವರ ಪರವಾಗಿ ಮೊದಲು ಸಹಿ ಹಾಕಿದವನು ಸಂಗನಬಸಪ್ಪನೇ. ಮನೆಗೆ ಬಂದು ಕಸ್ತೂರಿಗೆ, ಕೂಟದಲ್ಲಿ ನಮ್ಮ ಮನೆಯಿಂದಲೂ ಒಬ್ಬರು ಇರಲಿ, ನೀನು ಹೋಗು, ಅಲ್ಲಿ ಏನು ನಡೆಯುತ್ತದೆ ನನಗೆ ಬಂದು ಹೇಳು ಎಂದ. ಹೊಸಿಲು ದಾಟಿ ಹೊರಗೆ ಹೋಗುವ ಅಪ್ಪಣೆ ಅವಳಿಗೆ ಸಿಕ್ಕಿದ್ದು ಹೀಗೆ.

ನೀರು ಎಷ್ಟು ತಿಳಿ ಇದೆ ಎಂದು ನೋಡಲು ಅಕ್ಕೋರು ಒಂದು ಉಪಾಯ ಹೇಳಿಕೊಟ್ಟರು. ಚಪ್ಪಟೆ ತಾಟಿಗೆ ಕಪ್ಪು ಬಿಳುಪು ಬಣ್ಣ ಹಚ್ಚಿ, ನಡುವೆ ತೂತು ಕೊರೆದು, ಹಗ್ಗ ಕಟ್ಟಿ ನೀರಿಗೆ ಬಿಡುವುದು. ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೋ ಅಷ್ಟು ತಿಳಿ. ಯಾರ ಮನೆಯಲ್ಲಿ ಹಳೆಯ ತಾಟಿದೆ ಎಂದು ಕೇಳಿದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ತಾಟು ಕೊಡಬೇಕಾದರೆ ಮನೆಯಲ್ಲಿ ಕೇಳಬೇಕು. ಕಸ್ತೂರಿ ಎದ್ದು ಹೋಗಿ ನನ್ನನ್ನು ತಂದು ಕೊಟ್ಟಳು. ಯಾರನ್ನೂ ಕೇಳದೆ ಕೊಡಬಹುದಾದ ವಸ್ತು ಅವಳ ಬಳಿ ನಾನೊಬ್ಬನೇ ಇದ್ದೆ.

ತೂತು ಕೊರೆಯುವ ಬೈರಿಗೆ ನನ್ನ ಹೊಟ್ಟೆಯೊಳಗೆ ಇಳಿದಾಗ ಶೆಡ್ಡಿನ ಮೂಲೆಯ ರಾಶಿ ಕಣ್ಮುಂದೆ ಬಂತು. ಇನ್ನು ನನ್ನಲ್ಲಿ ಸಾರು ನಿಲ್ಲುವುದಿಲ್ಲ ಎಂದುಕೊಂಡೆ. ಮುಖಕ್ಕೆ ಕಪ್ಪು ಬಿಳುಪು ಹಚ್ಚಿದರು. ಬೆನ್ನನ್ನು ಹಾಗೇ ಬಿಟ್ಟರು. ಕೆಳಗೆ ಒಂದು ಕಲ್ಲು ಕಟ್ಟಿದರು. ಹಗ್ಗಕ್ಕೆ ಒಂದೊಂದು ಗೇಣಿಗೆ ಒಂದೊಂದು ಗಂಟು ಹಾಕಿದವಳು ಅಂಬಿಗರ ದ್ಯಾಮವ್ವ. ಅರವತ್ತು ದಾಟಿದವಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹುಟ್ಟು ಹಾಕಿ ಹಾಕಿ ಅಂಗೈ ಮರದ ತೊಗಟೆಯ ಹಾಗೆ ಆಗಿತ್ತು. "ಕಣ್ಣು ಹೋದ್ರ ಹೋಗವಲ್ದ್ಯಾಕ. ನನ್ನ ಗೇಣು ಇನ್ನಾ ಗಿಡ್ಡ ಆಗಿಲ್ಲ" ಎಂದು ನಕ್ಕಳು.

ಪ್ರತಿ ಸೋಮವಾರ ಬೆಳಿಗ್ಗೆ ಕಸ್ತೂರಿ ಮತ್ತು ದ್ಯಾಮವ್ವ ಹರಗೋಲಿನಲ್ಲಿ ಕೆರೆಯ ನಡುವೆ ಹೋಗಬೇಕು. ಒಬ್ಬರು ಹಗ್ಗ ಬಿಡಬೇಕು, ಒಬ್ಬರು ನೀರು ನೋಡಬೇಕು. ಬಿಡುವವರು ನೋಡಬಾರದು, ನೋಡುವವರು ಗಂಟು ಎಣಿಸಬಾರದು. ಅಕ್ಕೋರು ಹಾಕಿದ ಕಟ್ಟಳೆ ಇದು. ದ್ಯಾಮವ್ವನಿಗೆ ಕಣ್ಣು ಕಾಣುತ್ತಿರಲಿಲ್ಲವಾದ್ದರಿಂದ ಅವಳು ಹಗ್ಗ ಹಿಡಿದಳು, ಕಸ್ತೂರಿ ನೋಡಿದಳು. ನಾನು ಕಾಣದಾದ ಕೂಡಲೆ ಅವಳು "ಹೋತು" ಅನ್ನಬೇಕು. ದ್ಯಾಮವ್ವ ಅಲ್ಲಿಗೆ ನಿಲ್ಲಿಸಿ ಗಂಟು ಹೇಳುತ್ತಾಳೆ. ಆ ಸಂಖ್ಯೆಯನ್ನು ಹಿಟ್ಟಿನ ಗಿರಣಿಯ ಗೋಡೆಯ ಕರಿಹಲಗೆಯ ಮೇಲೆ ಬರೆಯುತ್ತಾರೆ. ಜೋಳ ಬೀಸಲು ಬಂದ ಹೆಂಗಸರೆಲ್ಲ ಓದುತ್ತಾರೆ.

ಮೊದಲ ಸಲ ನೀರಿಗಿಳಿದಾಗ ನನಗಾದ ಭಯವನ್ನು ಹೇಗೆ ಹೇಳಲಿ? ಊಟದ ತಾಟಿಗೆ ನೀರು ಅಂದರೆ ತೊಳೆಯುವ ಒಂದು ತಂಬಿಗೆ, ಅಷ್ಟೆ. ಇಲ್ಲಿ ತಣ್ಣಗಿನದು ನಾಲ್ಕೂ ಕಡೆಯಿಂದ ಬಂದು ಒತ್ತಿತು. ಮೇಲೆ ನೋಡಿದೆ. ಹರಗೋಲಿನ ಅಂಚಿನ ಮೇಲಿಂದ ಬಾಗಿದ ಕಸ್ತೂರಿಯ ಮುಖವಿತ್ತು. ಅದನ್ನೇ ನೋಡುತ್ತಾ ಇಳಿದೆ. ಆರನೆಯ ಗಂಟಿಗೆ ಅವಳ ಮೂಗುತಿ ಹೋಯಿತು. ಎಂಟಕ್ಕೆ ಕಣ್ಣು ಹೋದವು. ಹಣೆಯ ಕುಂಕುಮ ಎಲ್ಲಕ್ಕಿಂತ ಕೊನೆಗೆ, ಒಂಬತ್ತನೆಯ ಗಂಟಿಗೆ, ಕರಗಿತು. ಅದೇ ಹೊತ್ತಿಗೆ ಅವಳ ಮಾತು ಹಗ್ಗದಗುಂಟ ಇಳಿದು ಬಂತು: "ಹೋತು." ಅವಳಿಗೆ ನಾನು ಕಾಣದಾದಾಗಲೇ ನನಗೂ ಅವಳು ಕಾಣದಾಗುತ್ತಾಳೆ ಎಂದು ಆವತ್ತು ಗೊತ್ತಾಯಿತು. ಮೇಲೆಳೆದಾಗ ಕುಂಕುಮವೇ ಮೊದಲು ಕಂಡಿತು. "ಬಂತು" ಎಂದಳು. ಆ ಒಂದು ಮಾತಿಗಾಗಿ ನಾನು ಪ್ರತಿ ವಾರ ಮುಳುಗಲು ಒಪ್ಪಿಕೊಂಡೆ.

ದೀಪಾವಳಿಯಿಂದ ಯುಗಾದಿಯವರೆಗೆ ಗಿರಣಿಯ ಹಲಗೆಯ ಮೇಲೆ ಒಂಬತ್ತು ಅಳಿಯಲಿಲ್ಲ. ಕಸ್ತೂರಿಯ ಮುಖದಲ್ಲಿ ಏನೋ ಬದಲಾಗುತ್ತಿತ್ತು. ಹರಗೋಲಿನಲ್ಲಿ ದ್ಯಾಮವ್ವ ಅವಳನ್ನು ನಗಿಸುತ್ತಿದ್ದಳು. ಬಣ್ಣದವರ ಮನೆ ಸೊಸೆಗೆ ಬಣ್ಣವೇ ಇಲ್ಲ ಎಂದು ಕೆಣಕುತ್ತಿದ್ದಳು. ನಗುವಾಗ ಅವಳು ಬಾಯಿಗೆ ಸೆರಗು ಹಿಡಿಯುವುದನ್ನು ಮರೆತದ್ದು ನೀರಿನೊಳಗಿನಿಂದ ನನಗೆ ಕಾಣುತ್ತಿತ್ತು.

ಉಳಿದ ದಿನಗಳಲ್ಲಿ ನನ್ನನ್ನು ಹಿತ್ತಲಿನ ಮೊಳೆಗೆ ನೇತುಹಾಕುತ್ತಿದ್ದಳು. ಅಲ್ಲಿಂದ ಬಣ್ಣದ ಹೊಂಡ ಕಾಣುತ್ತಿತ್ತು. ಹಾಗಾಗಿ ನಡೆದದ್ದನ್ನು ನಾನು ಕಣ್ಣಾರೆ ನೋಡಿದೆ.

ಬೇಸಿಗೆ ಕಳೆದು ಮೊದಲ ಮಳೆ ಬಂದ ದಿನ, ನಡುಮಧ್ಯಾಹ್ನ. ನಾಗರಪಂಚಮಿಯ ಸೀರೆಗಳ ನೂಲು ರಾಶಿ ಬಿದ್ದಿತ್ತು. ಹೊಂಡ ತುಂಬಿತ್ತು, ನಾಲ್ಕು ದಿನ ಕಾಯುವ ವ್ಯವಧಾನ ಇರಲಿಲ್ಲ. ಸಂಗನಬಸಪ್ಪ ಒಂದು ಕರಿ ಪೈಪು ತಂದು, ಹಂಡೆಯ ನೀರು ಹೊಂಡಕ್ಕೆ ಬೀಳದೆ ನೇರ ಗಟಾರಕ್ಕೆ ಹೋಗುವ ಹಾಗೆ ಇಟ್ಟ. ಇನ್ನೊಂದು ತುದಿ ಹಿಡಿದವನು ವಿರೂಪಾಕ್ಷ. ಮಳೆಯ ನೀರಿನ ಜೊತೆ ನೀಲಿ, ಕೆಂಪು ಸೇರಿ ಗಟಾರ ಹರಿಯಿತು. ಒಣಹಾಕಿದ ಬಟ್ಟೆ ತೆಗೆಯಲು ಕಸ್ತೂರಿ ಓಡಿಬಂದಳು. ನೋಡಿದಳು. ವಿರೂಪಾಕ್ಷ ತಲೆ ತಗ್ಗಿಸಿದ. ಭಾವ ಎಂದಿನ ಮೆಲುದನಿಯಲ್ಲಿ, "ಒಳಗ ನಡಿಯವ್ವ, ಮಳಿ ಬಂದೈತಿ" ಎಂದ. ಅವಳು ಅರ್ಧ ಬಟ್ಟೆ ಹಗ್ಗದ ಮೇಲೇ ಬಿಟ್ಟು ಒಳಗೆ ಹೋದಳು. ಆ ಬಟ್ಟೆಗಳಿಂದ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಾ ನಾನು ಮೊಳೆಯ ಮೇಲೆ ತೂಗಾಡಿದೆ.

ಆ ಸೋಮವಾರ ಐದನೆಯ ಗಂಟಿಗೇ ಅವಳ ಕುಂಕುಮ ಮಾಯವಾಯಿತು. ಅವಳು ನಿಜವನ್ನೇ ಹೇಳಿದಳು. ಹಲಗೆಯ ಮೇಲೆ ಐದು ಎಂದು ಬರೆದರು. ಹೊಸ ಮಳೆಯ ಕೆಸರಿರಬೇಕು ಎಂದರು ಜನ.

ಸಂಜೆ ಭಾವ ಚಹಾ ಕುಡಿಯುತ್ತಾ ಎಷ್ಟು ಎಂದು ಕೇಳಿದ. ಹೇಳಿದಳು. ಅವನು ಎದ್ದು ಹಿತ್ತಲಿಗೆ ಬಂದು ನನ್ನ ಅಂಚಿನ ಮೇಲೆ ನೀಲಿ ಉಗುರಿನಿಂದ ಒಮ್ಮೆ ಬಡಿದ. ನಾನು ಬಹಳ ಹೊತ್ತು ಗುಂಯ್‌ಗುಟ್ಟಿದೆ.

"ನಿನ್ನ ಕಣ್ಣು ಯಾಕೋ ಸರಿ ಇಲ್ಲ ಕಾಣತೈತಿ" ಎಂದ. "ಮುಂದಿನ ಸಲ ಛಲೋ ನೋಡು. ಕಣ್ಣು ಕಾಣಲಾರದೋರನ್ನ ಮನ್ಯಾಗ ಇಟ್ಕೊಂಡು ಏನ್ ಮಾಡೂದು?"

ಅಷ್ಟೇ ಅಂದದ್ದು. ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಕೇಳಿಸಿಕೊಂಡು ಒಳಗೆ ಹೋದಳು.

ಮುಂದಿನ ಸೋಮವಾರ ನನಗೆ ನಾಲ್ಕನೆಯ ಗಂಟಿಗೆ ಅವಳ ಮುಖ ಹೋಯಿತು. "ಹೋತು" ಎನ್ನುತ್ತಾಳೆಂದು ಕಾದೆ. ಹಗ್ಗ ಇಳಿಯುತ್ತಲೇ ಇತ್ತು. ಐದು, ಆರು. ಸುತ್ತ ನೇರಳೆ ಬಣ್ಣದ ಮಬ್ಬು. ಏಳಕ್ಕೆ ಅವಳ ಮಾತು ಬಂತು. ಅದರ ಮುಂದಿನ ವಾರ ಮತ್ತೂ ಕೆಟ್ಟಿತ್ತು, ಮೂರಕ್ಕೇ ಕುರುಡಾದೆ. ಇಳಿದೆ, ಇಳಿದೆ. ಕೆಳಗೆ ಕಟ್ಟಿದ ಕಲ್ಲು ಏನೋ ಮೆತ್ತನೆಯದಕ್ಕೆ ತಾಗಿತು. ನಾನು ಕೆರೆಯ ತಳದ ಕೆಸರಿನಲ್ಲಿ ಕುಳಿತಿದ್ದೆ. ಬೇಸಿಗೆಯಲ್ಲಿ ಕೆರೆ ಬತ್ತಿ ಆ ಜಾಗದಲ್ಲಿ ಎಂಟು ಗೇಣು ನೀರಷ್ಟೇ ಉಳಿದಿತ್ತು. ಹಗ್ಗ ಸಡಿಲಾಗಿ ನನ್ನ ಮೇಲೆಯೇ ಸುರುಳಿಯಾಗಿ ಬಿತ್ತು. ಆಗ ಮೇಲಿನಿಂದ, ಎಲ್ಲೋ ದೂರದಿಂದ ಬಂದಂತೆ, "ಹೋತು" ಕೇಳಿತು. ದ್ಯಾಮವ್ವ "ಒಂಬತ್ತು" ಎಂದಳು.

ತಳದಲ್ಲಿ ಕುಳಿತವನಿಗೆ ಮೇಲೆ ಯಾರಾದರೂ ಇದ್ದಾರೆಂಬ ಗುರುತು ಹಗ್ಗದ ಬಿಗಿ ಒಂದೇ. ಅದು ಸಡಿಲಾದರೆ ಏನೂ ಇಲ್ಲ. ನನ್ನ ಪಕ್ಕದಲ್ಲಿ ಒಂದು ಏಡಿ ಕಾಲು ಮಡಚಿಕೊಂಡು ಸತ್ತುಬಿದ್ದಿತ್ತು. ಅವಳು ಮರೆತು ಹೋಗಿಬಿಟ್ಟರೆ, ಈ ಕೆಸರಿನಲ್ಲಿ ಅವಳ ಹೆಸರು ಕೆಳಮುಖವಾಗಿ ಹೂತುಹೋಗುತ್ತದೆ ಎಂದು ಅಂಜಿದೆ.

ಮರು ಸೋಮವಾರವೂ ಹೀಗೇ ನಡೆಯಿತು. ಸಂಜೆ ಭಾವ ಎಷ್ಟು ಎಂದು ಕೇಳುತ್ತಿದ್ದ. ಅವಳು ಒಂಬತ್ತು ಎನ್ನುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದ. ಅವಳು ನನ್ನನ್ನು ಮೊಳೆಗೆ ಹಾಕುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಗಿರಣಿಯಲ್ಲಿ ಒಂದು ಸುದ್ದಿ ಹಬ್ಬಿತು. ಹಲಗೆಯ ಮೇಲೆ ಮತ್ತೆ ಒಂಬತ್ತು ಬಂದದ್ದರಿಂದ ಅಂಬಿಗರ ಸಂಘದವರು ಮೀನುಮರಿಗೆ ಹೇಳಿ ಕಳಿಸಿದ್ದಾರೆ, ಬರುವ ಗುರುವಾರ ಕೆರೆಗೆ ಬಿಡುತ್ತಾರೆ. ನಲವತ್ತು ಮನೆಗಳ ಮುಂದಿನ ವರ್ಷದ ಬದುಕು ಆ ಮರಿಗಳಲ್ಲಿತ್ತು. ಇದನ್ನು ಕೇಳಿದ ದಿನ ಕಸ್ತೂರಿ ಬೀಸಿದ ಹಿಟ್ಟನ್ನು ಗಿರಣಿಯಲ್ಲೇ ಮರೆತು ಬಂದಳು. ಹಿತ್ತಲಿಗೆ ಬಂದು ನನ್ನೆದುರು ನಿಂತಳು. ಬೆರಳು ನನ್ನ ಬೆನ್ನಿಗೆ ಹೋಯಿತು, ಚುಕ್ಕಿಗಳನ್ನು ಮುಟ್ಟಿತು, ಸುಟ್ಟಂತೆ ಹಿಂದಕ್ಕೆ ಬಂತು.

ಗುರುವಾರಕ್ಕೆ ಮೊದಲಿನ ಸೋಮವಾರ. ಹರಗೋಲು ನಡುಗೆರೆಗೆ ಬಂದಾಗ ದ್ಯಾಮವ್ವ ಹುಟ್ಟನ್ನು ಎತ್ತಿಟ್ಟಳು.

"ತಂಗಿ, ಇವತ್ತ ಹಗ್ಗ ನೀ ಹಿಡಿ."

"ನಿಮಗ ಕಾಣೂದಿಲ್ಲಲ್ಲ ದ್ಯಾಮಕ್ಕ?"

"ಕಾಣೂದಿಲ್ಲ. ಅದಕ್ಕ ನಾ ನೋಡ್ತೀನಿ. ಕಣ್ಣು ಕಾಣೋರು ನೋಡಿದ್ದು ಸಾಕಾತು."

ಮಾತು ತಮಾಷೆಯದ್ದು, ಧ್ವನಿ ಅಲ್ಲ. ಕಸ್ತೂರಿ ಹಗ್ಗ ಹಿಡಿದಳು. ಅವಳ ಕೈ ಹಗ್ಗದ ಮೂಲಕ ನನ್ನನ್ನು ಮುಟ್ಟಿದ್ದು ಅದೇ ಮೊದಲು. ಮೇಲೆ ದ್ಯಾಮವ್ವನ ಪೊರೆ ಬಂದ ಬಿಳಿ ಕಣ್ಣುಗಳು ನೀರಿಗೆ ತಾಗುವಷ್ಟು ಬಾಗಿದ್ದವು. ಮೂರನೆಯ ಗಂಟಿಗೆ ಅವೂ ಹೋದವು. ದ್ಯಾಮವ್ವ "ಹೋತು" ಎನ್ನಲಿಲ್ಲ. ನಾಲ್ಕು. ಐದು. ಅವಳು ಏನೂ ಎನ್ನಲಿಲ್ಲ. ಎಂಟು. ನಾನು ಕೆಸರಿನಲ್ಲಿ ಕುಳಿತೆ. ಹಗ್ಗ ಸಡಿಲಾಯಿತು.

ಕಸ್ತೂರಿ ಒಮ್ಮೆ ಎಳೆದಳು, ಮತ್ತೆ ಬಿಟ್ಟಳು. ಮತ್ತೆ ನೆಲ. ಇನ್ನೊಮ್ಮೆ ಎಳೆದಳು, ಬಿಟ್ಟಳು. ಒಂಬತ್ತನೆಯ ಗಂಟು ಅವಳ ಮಡಿಲಲ್ಲಿ ಒಣಗಿಕೊಂಡೇ ಇತ್ತು. ಒಂಬತ್ತು ಗೇಣು ನೀರೇ ಇಲ್ಲದ ಕೆರೆಯಲ್ಲಿ ಅವಳು ಎರಡು ವಾರ ಒಂಬತ್ತು ಗೇಣು ಆಳದ ತಾಟು ನೋಡಿದ್ದಳು. ಕೆರೆಯ ಆಳ ಅಂಬಿಗರ ಕೈಗೆ ಗೊತ್ತಿರುತ್ತದೆ, ಬಣ್ಣದವರ ಸೊಸೆಗೆ ಗೊತ್ತಿರಲಿಲ್ಲ.

"ಯಾವಾಗಿಂದ ಗೊತ್ತು ನಿಮಗ?" ಎಂದು ಕೇಳಿದಳು. ಹಗ್ಗದಗುಂಟ ಬಂದ ಆ ಮಾತು ಪಿಸುಗುಟ್ಟಿದಂತಿತ್ತು.

"ಎರಡು ಸೋಮಾರ ಆತು. ನೆಲಾ ಮುಟ್ಟಿದ ಮ್ಯಾಲೂ ನಿನ್ನ ಬಾಯಾಗ ಹೋತು ಬರಲಿಲ್ಲ."

"ಮತ್ತ ಯಾಕ ಸುಮ್ಮನಿದ್ರಿ?"

"ಯಾರ ಮನಿಯಿಂದ ಬಂದೀ ಅನ್ನೂದು ಗೊತ್ತಿತ್ತವ್ವ. ಹೇಳಿದ್ರ ನಿನಗ ಏನಾಗತೈತಿ ಅನ್ನೂದೂ ಗೊತ್ತಿತ್ತು. ನೀನ ಹೇಳ್ಲಿ ಅಂತ ಕಾದೆ. ಗುರುವಾರ ಮರಿ ಬರ್ತಾವ. ಇನ್ನ ಕಾಯಾಕ ಆಗೂದಿಲ್ಲ."

ಹರಗೋಲು ತನ್ನಷ್ಟಕ್ಕೆ ಮೆಲ್ಲಗೆ ತಿರುಗುತ್ತಿದ್ದದ್ದು ಹಗ್ಗದ ತಿರುಚಿನಿಂದ ತಿಳಿಯುತ್ತಿತ್ತು. ಆಮೇಲೆ ಕಸ್ತೂರಿ ಹೇಳಿದಳು, "ನನಗ ಅಂಜಿಕಿ ಬರ್ತೈತಿ ದ್ಯಾಮಕ್ಕ."

"ಬರಲಿ. ಹಗ್ಗ ಬಿಡಬ್ಯಾಡ."

ಹಗ್ಗ ಬಿಗಿಯಾಯಿತು. ಅವಳು ನನ್ನನ್ನು ಎಳೆದುಕೊಂಡಳು. ಹಗ್ಗವನ್ನು ದ್ಯಾಮವ್ವನ ಕೈಗೆ ಕೊಟ್ಟು, ತಾನು ಬಾಗಿ ನೋಡಿದಳು. ಮೂರನೆಯ ಗಂಟಿಗೆ ಕುಂಕುಮ ಕರಗುತ್ತಿದ್ದ ಹಾಗೆ ಅವಳು "ಹೋತು" ಎಂದಳು. ಅಷ್ಟು ಸಣ್ಣ ಮಾತು ಆಡಲು ಒಬ್ಬ ಹೆಂಗಸಿಗೆ ಅಷ್ಟು ಉಸಿರು ಬೇಕಾದದ್ದನ್ನು ನಾನು ಮತ್ತೆ ಕೇಳಿಲ್ಲ.

ಗಿರಣಿಯ ಹಲಗೆಯ ಮೇಲೆ ಅವಳೇ ಬರೆದಳು. ಮೂರು ಗಂಟು. ಅದರ ಕೆಳಗೆ, ಹಿಂದಿನ ಮೂರು ವಾರದ್ದು ಸುಳ್ಳು ಎಂದು ಬರೆದು, ತನ್ನ ಹೆಸರು ಹಾಕಿದಳು. ಸುಣ್ಣದ ಕಡ್ಡಿ ಎರಡು ಸಲ ಮುರಿಯಿತು. ಗಿರಣಿಯ ಬೆಲ್ಟು ಓಡುತ್ತಲೇ ಇತ್ತು, ಹೆಂಗಸರು ಹಿಟ್ಟಿನ ಬುಟ್ಟಿ ಕೆಳಗಿಟ್ಟು ಹಲಗೆಯ ಹತ್ತಿರ ಬಂದರು.

ಶಮೀಮಾ ಅಕ್ಕೋರು ಅಂಬಿಗರಿಗೆ ಹೇಳಿ ಮೀನುಮರಿಗಳನ್ನು ಊರಾಚೆಯ ಒಂದು ಹೊಂಡದಲ್ಲಿ ಬಲೆ ಕಟ್ಟಿ ಬಿಡಿಸುವ ಏರ್ಪಾಡು ಮಾಡಿದರು. ಅಂದೇ ಮಧ್ಯಾಹ್ನ ಕೂಟದವರು ಬಣ್ಣದ ಓಣಿಗೆ ಹೋಗಿ ಒಂದೊಂದೇ ಹಿತ್ತಲು ನೋಡಿದರು. ಸಂಗನಬಸಪ್ಪನ ಹಿತ್ತಲಲ್ಲಿ ಕರಿ ಪೈಪು ಇದ್ದಲ್ಲೇ ಇತ್ತು. ಅವನು ಯಾರ ಮೇಲೂ ಸಿಟ್ಟಾಗಲಿಲ್ಲ. ನಗುತ್ತಾ ಎಲ್ಲರಿಗೂ ಚಹಾ ಮಾಡಲು ಹೇಳಿದನಂತೆ. ಅದನ್ನು ಕೇಳಿ ಕಸ್ತೂರಿ ಆ ದಿನ ಮನೆಗೆ ಹೋಗಲಿಲ್ಲ. ಅಕ್ಕೋರ ಮನೆಯಲ್ಲಿ ಗೋಡೆಗೆ ಒರಗಿ, ನನ್ನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಬೀದಿಯಲ್ಲಿ ಯಾರು ಕೆಮ್ಮಿದರೂ ಅವಳ ಬೆರಳು ನನ್ನ ಅಂಚನ್ನು ಬಿಗಿಯಾಗಿ ಹಿಡಿಯುತ್ತಿತ್ತು.

ಮರುದಿನ ಬೆಳಿಗ್ಗೆ ಕೂಟ ಕೆರೆಯ ಏರಿಯ ಮೇಲೆ ಸೇರಿತ್ತು. ಸಂಗನಬಸಪ್ಪ ಬಂದ. ಬಿಳಿ ಅಂಗಿ, ಮೊಣಕೈವರೆಗೆ ನೀಲಿ. ಹಿಂದೆ ವಿರೂಪಾಕ್ಷ. ಸಂಗನಬಸಪ್ಪ ಪುರಸಭೆಯವರಿಗೆ ಕೈಮುಗಿದು, ತಪ್ಪಾಗಿದೆ, ಪೈಪು ತೆಗೆಸಿದ್ದೇನೆ ಎಂದ. ಆಮೇಲೆ ಕಸ್ತೂರಿಯ ಕಡೆಗೆ ತಿರುಗಿದ.

"ನಮ್ಮನಿ ತಾಟು ಕೊಡವ್ವ. ನಮ್ಮನಿ ಸಾಮಾನು ಊರ ಮುಂದ ಇರೂದು ಬ್ಯಾಡ."

ಕೈ ಚಾಚಿದ. ಆ ನೀಲಿ ಬೆರಳುಗಳು ನನ್ನ ಹತ್ತಿರ ಬಂದವು. ಕಸ್ತೂರಿ ಎರಡು ಹೆಜ್ಜೆ ಹಿಂದೆ ಸರಿದಳು. ಹಿಂದೆ ನೀರಿತ್ತು. ಕೊಟ್ಟುಬಿಡುತ್ತಾಳೆ ಎಂದುಕೊಂಡೆ. ಹದಿನೆಂಟು ವರ್ಷ ಆ ಧ್ವನಿ ಏನು ಕೇಳಿದರೂ ಅವಳು ಕೊಟ್ಟಿದ್ದಳು.

ಅವಳು ನನ್ನನ್ನು ತಿರುವಿ ಬೆನ್ನು ಮೇಲೆ ಮಾಡಿ ಹಿಡಿದಳು.

"ಇದು ನಿಮ್ಮನಿ ತಾಟಲ್ರಿ ಭಾವಾರ. ಹೆಸರು ಓದ್ರಿ."

ಅವನು ಓದಲಿಲ್ಲ. ಅವಳೇ ಓದಿದಳು, ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ. ಕ. ಸ್ತೂ. ರಿ. ನಾನು ಅಂಗಡಿಯಲ್ಲಿ ಆ ಮೂರಕ್ಷರ ಕೇಳಿದ ಮೇಲೆ ಯಾರೂ ಅದನ್ನು ಗಟ್ಟಿಯಾಗಿ ಓದಿರಲಿಲ್ಲ.

ಸಂಗನಬಸಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಮೆಲ್ಲಗೆ, ಎಂದಿನ ಹಾಗೇ ಹೇಳಿದ, "ಹಂಗಾರ ಹೆಸರು ಇದ್ದಲ್ಲೇ ಇರು."

ಹಾಗೆಂದು, ಅವಳನ್ನು ಮನೆಗೆ ಕರೆಯದೆ, ಏರಿ ಇಳಿದು ಹೋದ. ವಿರೂಪಾಕ್ಷ ಸ್ವಲ್ಪ ಹೊತ್ತು ತನ್ನ ಕೆಂಪು ಅಂಗೈಗಳನ್ನು ನೋಡುತ್ತಾ ನಿಂತಿದ್ದ. ಆಮೇಲೆ ಅವನೂ ಹೋದ. ಕಸ್ತೂರಿ ನನ್ನನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಳಿತಳು. ದ್ಯಾಮವ್ವ ಪಕ್ಕದಲ್ಲಿ ಕುಳಿತು ಅವಳ ಬೆನ್ನ ಮೇಲೆ ತನ್ನ ಒರಟು ಅಂಗೈ ಇಟ್ಟಳು.

ಇದಾಗಿ ಆರು ವರ್ಷವಾಯಿತು. ನೇಯುವ ಹೆಂಗಸರ ಸಂಘದವರು ಗಿರಣಿಯ ಹಿಂದಿನ ಒಂದು ಕೋಣೆಯನ್ನು ಅವಳಿಗೆ ಕೊಡಿಸಿದರು. ಅಲ್ಲಿ ಅವಳು ನೂಲು ಸುತ್ತುತ್ತಾಳೆ. ಬಣ್ಣದ ಓಣಿಯಲ್ಲಿ ಈಗ ಎಲ್ಲರಿಗೂ ಸೇರಿ ಒಂದೇ ದೊಡ್ಡ ಹೊಂಡವಿದೆ. ಅದರ ಬಾಗಿಲಿಗೆ ಎರಡು ಬೀಗ, ಒಂದರ ಕೀಲಿ ಬಣ್ಣದವರಲ್ಲಿ, ಇನ್ನೊಂದು ಅಂಬಿಗರಲ್ಲಿ. ಇಬ್ಬರೂ ಬಂದರೇ ನೀರು ಬಿಡಲು ಆಗುವುದು. ಮೂರು ಗಂಟು ನಾಲ್ಕಾಗಲು ಒಂದು ವರ್ಷ ಬೇಕಾಯಿತು. ನಾಲ್ಕಾದ ವರ್ಷದ ಮಳೆಗಾಲದ ಕೊನೆಗೆ ಮೀನುಮರಿಗಳನ್ನು ಕೆರೆಗೆ ಬಿಟ್ಟರು. ಒಂದಷ್ಟು ಸತ್ತವು, ಬಹಳಷ್ಟು ಬದುಕಿದವು. ಈಗ ಏಳು ಗಂಟು. ಒಂಬತ್ತು ಇನ್ನೂ ಬಂದಿಲ್ಲ.

ವಿರೂಪಾಕ್ಷ ಆಗಾಗ ಬರುತ್ತಾನೆ. ಮೊದಲ ಸಲ ಅವಳ ಟ್ರಂಕು ಹೊತ್ತು ತಂದ. ಬಾಗಿಲಲ್ಲಿ ಕುಳಿತು ನೀರು ಕುಡಿದು, ಈ ವಾರ ಎಷ್ಟು ಎಂದು ಕೇಳಿ, ಅವಳು ಹೇಳಿದ್ದನ್ನು ಕೇಳಿಸಿಕೊಂಡು ಎದ್ದು ಹೋಗುತ್ತಾನೆ. ಇನ್ನೂ ಒಳಗೆ ಬಂದಿಲ್ಲ. ಅವಳೂ ಕರೆದಿಲ್ಲ.

ನನಗೆ ವಯಸ್ಸಾಯಿತು. ಬಣ್ಣ ಹಕ್ಕಳೆಯೆದ್ದು ಕಪ್ಪು ಯಾವುದು ಬಿಳುಪು ಯಾವುದು ತಿಳಿಯದಾದಾಗ ನನ್ನನ್ನು ಎರಡು ವರ್ಷ ಶಾಲೆಯ ಕಪಾಟಿನಲ್ಲಿ, ಒಡೆದ ಗಾಜಿನ ನಳಿಕೆಗಳ ಪಕ್ಕ ಇಟ್ಟಿದ್ದರು. ಕೆರೆಗೆ ಹೊಸ ತಾಟು ಬಂತು. ಒಂದು ದಿನ ಕಸ್ತೂರಿ ಅಕ್ಕೋರನ್ನು ಕೇಳಿ ನನ್ನನ್ನು ಮನೆಗೆ ತಂದಳು. ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಬಣ್ಣವನ್ನೆಲ್ಲ ತೆಗೆದಳು. ನಡುವಿನ ತೂತಿಗೆ ಹಳೆಯ ಹಗ್ಗದ ಒಂದು ತುಂಡು ಪೋಣಿಸಿ, ಮೇಲೆ ಗಂಟು ಉಳಿಸಿದಳು. ಅದು ಒಂಬತ್ತನೆಯ ಗಂಟು. ಕೆರೆಯಲ್ಲಿ ಉಳಿದ ಎಲ್ಲ ಗಂಟುಗಳಿಗಿಂತ ಕಡಿಮೆ ನೆನೆದದ್ದು, ಹಾಗಾಗಿ ಗಟ್ಟಿಯಾಗಿತ್ತು. ಈಗ ಅದೇ ನನ್ನ ಹಿಡಿಕೆ. ಅವಳ ಮನೆಯ ಕುಡಿಯುವ ನೀರಿನ ಕೊಡಕ್ಕೆ ನಾನು ಮುಚ್ಚಳ. ಹೆಸರು ಮೇಲೆ, ಮುಖ ನೀರಿನ ಕಡೆಗೆ.

ಅಂಜಿಕೆ ಹೋಯಿತೇ ಎಂದು ಕೇಳಿದರೆ, ಇಲ್ಲ. ಸಂಗನಬಸಪ್ಪ ದಿನಾ ಬೆಳಿಗ್ಗೆ ಈ ಓಣಿಯಲ್ಲೇ ಹಾದು ಹೋಗುತ್ತಾನೆ. ಅವನ ಕೆಮ್ಮು ಕೇಳಿದ ಕೂಡಲೆ ಅವಳ ಕೈ ತಪ್ಪಿ ರಾಟೆಯ ನೂಲು ತುಂಡಾಗುತ್ತದೆ. ಅವಳು ಎದ್ದು ಕೊಡದ ಹತ್ತಿರ ಬರುತ್ತಾಳೆ. ಗಂಟು ಹಿಡಿದು ನನ್ನನ್ನು ಎತ್ತುತ್ತಾಳೆ. ನೀರು ಕುಡಿಯುವ ಮೊದಲು ಕೊಡದೊಳಗೆ ಬಾಗಿ, ತಳ ಕಾಣುವವರೆಗೆ ನೋಡುತ್ತಾಳೆ. ಹೊರಗೆ ಕೆಮ್ಮು ದೂರವಾಗುತ್ತದೆ. ಒಂದು ಕೈಯಲ್ಲಿ ನಾನು, ಇನ್ನೊಂದರಲ್ಲಿ ಲೋಟ, ಎರಡೂ ನಡುಗುತ್ತಿರುತ್ತವೆ.

"ಬಂತು" ಎನ್ನುತ್ತಾಳೆ, ತನಗಷ್ಟೇ ಕೇಳುವ ಹಾಗೆ. ಆಮೇಲೆ ನೀರು ಕುಡಿಯುತ್ತಾಳೆ.